ಸುಮ್ಮನೆ ಕೂತ ಹೊಸ ಗಿಣಿ ಸಾಧುವಲ್ಲ, ಹೆದರಿದೆ

ಭಾನುವಾರ ಬೆಳಗ್ಗೆ ಶಿವಾಜಿನಗರದ ರಸೆಲ್ ಮಾರ್ಕೆಟ್ ಸುತ್ತಮುತ್ತಲಿನ ಹಕ್ಕಿ ಅಂಗಡಿಗಳ ಮುಂದೆ ಕಾಲಿಡಲು ಜಾಗವಿರುವುದಿಲ್ಲ. ಅಲ್ಲಲ್ಲಿ ತೂತು ಹೊಡೆದ ರಟ್ಟಿನ ಡಬ್ಬವನ್ನು ಎದೆಗೊತ್ತಿಕೊಂಡು ಮಕ್ಕಳು ಆಟೊ ಹತ್ತುತ್ತಾರೆ. ಒಂದು ಡಬ್ಬ ಹಲಸೂರಿಗೆ, ಒಂದು ಇಂದಿರಾನಗರಕ್ಕೆ, ಇನ್ನೊಂದು ಕೆ.ಆರ್. ಪುರದ ಯಾವುದೋ ಅಪಾರ್ಟ್‌ಮೆಂಟಿನ ಮೇಲಿನ ಮಹಡಿಗೆ. ಮೊದಲ ಎರಡು ದಿನ ಎಲ್ಲರದೂ ಒಂದೇ ಮಾತು: ‘ತುಂಬಾ ಸಾಧು ಹಕ್ಕಿ, ಗಲಾಟೆಯೇ ಇಲ್ಲ.’ ವಾರ ತುಂಬುವಷ್ಟರಲ್ಲಿ ರಾಗ ಬದಲಾಗುತ್ತದೆ: ‘ಕೈ ಹಾಕಿದರೆ ಕಚ್ಚುತ್ತೆ, ಬೆಳಗಾದರೆ ಕಿರುಚಾಟ, ಅಂಗಡಿಯವನು ಮೋಸ ಮಾಡಿದ.’

ಹಕ್ಕಿ ಬದಲಾಗಿಲ್ಲ. ಮೊದಲ ಎರಡು ದಿನ ಅದು ಹೆದರಿ ಮರಗಟ್ಟಿ ಕೂತಿತ್ತು, ಅಷ್ಟೆ. ಗಿಡುಗ, ಹಾವು, ಬೆಕ್ಕುಗಳಿಂದ ತಪ್ಪಿಸಿಕೊಂಡೇ ಬದುಕಿ ಬಂದ ಜೀವಕ್ಕೆ ಅಪಾಯ ಎದುರಾದಾಗ ಮೊದಲು ಹೊಳೆಯುವ ಉಪಾಯ ಅಲ್ಲಾಡದೆ ಇರುವುದು. ಗರಿಯನ್ನೆಲ್ಲ ಮೈಗೆ ಒತ್ತಿ, ಕತ್ತು ನೀಳ ಮಾಡಿ, ಕಣ್ಣು ಅಗಲಿಸಿ ಕೂತ ಹಕ್ಕಿಯನ್ನು ಕಂಡು ‘ಎಷ್ಟು ಶಾಂತವಾಗಿದೆ’ ಎಂದು ನಾವು ಫೋಟೊ ತೆಗೆಯುತ್ತೇವೆ. ಅದೇ ಹಕ್ಕಿ ನಾಲ್ಕನೇ ದಿನ ಕೊಕ್ಕು ಮುಂದೆ ಮಾಡಿದರೆ ಒಂದು ಲೆಕ್ಕದಲ್ಲಿ ಒಳ್ಳೆಯ ಸುದ್ದಿ. ತನಗೆ ಏನು ಬೇಡ ಎಂಬುದನ್ನು ಹೇಳುವಷ್ಟು ಧೈರ್ಯ ಅದಕ್ಕೆ ಬಂದಿದೆ. ಆ ಹೇಳಿಕೆಯನ್ನು ನಾವು ಕೇಳಿಸಿಕೊಳ್ಳುತ್ತೇವೋ ಇಲ್ಲವೋ ಎಂಬುದರ ಮೇಲೆ ಮುಂದಿನ ಹತ್ತು ಹದಿನೈದು ವರ್ಷ ನಿಂತಿದೆ. ಉತ್ಪ್ರೇಕ್ಷೆಯಲ್ಲ. ಚೆನ್ನಾಗಿ ನೋಡಿಕೊಂಡರೆ ಕಾಕಟೀಲ್ 15–20 ವರ್ಷ ಬದುಕುತ್ತದೆ, ಆಫ್ರಿಕನ್ ಗ್ರೇ 40 ವರ್ಷ ದಾಟುತ್ತದೆ.

ನಾವು ಎಡವುವುದು ಹಕ್ಕಿಯನ್ನು ನಾಯಿಯ ಜಾಗದಲ್ಲಿ ಇಟ್ಟು ನೋಡುವುದರಿಂದ. ನಾಯಿ ಮನುಷ್ಯನ ಜೊತೆ ಬಾಳಲು ಶುರು ಮಾಡಿ 15,000 ವರ್ಷವಾದರೂ ಆಗಿದೆ. ಗದರಿದರೆ ತಗ್ಗುವುದು, ಯಜಮಾನನ ಮುಖ ನೋಡುವುದು ಅದರ ರಕ್ತದಲ್ಲೇ ಇಳಿದಿದೆ. ನಮ್ಮಲ್ಲಿ ಎಲ್ಲರೂ ‘ಲವ್ ಬರ್ಡ್ಸ್’ ಎಂದು ಕರೆಯುವ ಬಜ್ಜಿ ಹಕ್ಕಿಯ ಕಥೆ ನೋಡಿ. ಪಕ್ಷಿತಜ್ಞ ಜಾನ್ ಗೌಲ್ಡ್ ಅದನ್ನು ಆಸ್ಟ್ರೇಲಿಯಾದಿಂದ ಜೀವಂತವಾಗಿ ಇಂಗ್ಲೆಂಡಿಗೆ ತಂದದ್ದು 1840ರಲ್ಲಿ. ಪಂಜರದಲ್ಲಿ ಅದರ ಸಂತಾನ ಬೆಳೆದದ್ದೆಲ್ಲ ಆಮೇಲೆ. ಅಂದರೆ ಇನ್ನೂರು ವರ್ಷವೂ ತುಂಬಿಲ್ಲ. ದಕ್ಷಿಣ ಅಮೆರಿಕದ ಸನ್ ಕನ್ಯೂರ್, ಆಫ್ರಿಕನ್ ಗ್ರೇ ಇವುಗಳಿಗಂತೂ ಪಂಜರದ ಬದುಕು ಕೆಲವೇ ತಲೆಮಾರಿನದು. ಮೈಬಣ್ಣ ಬದಲಾಗಿರಬಹುದು, ಒಳಗಿರುವುದು ಕಾಡಿನ ಹಕ್ಕಿಯೇ. ಗದರಿಕೆ ಅದಕ್ಕೆ ಅರ್ಥವಾಗುವುದಿಲ್ಲ. ‘ಈ ದೊಡ್ಡ ಪ್ರಾಣಿ ಅಪಾಯಕಾರಿ’ ಎಂಬುದಷ್ಟೇ ಅರ್ಥವಾಗುತ್ತದೆ.

ಯಾವ ಹಕ್ಕಿ ಎಂಬ ಪ್ರಶ್ನೆಯನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಗಿಣಿ ಎಂದರೆ ಕಣ್ಣ ಮುಂದೆ ಬರುವ ಕೆಂಪು ಕೊಕ್ಕಿನ, ಕೊರಳಿಗೆ ಗುಲಾಬಿ ಪಟ್ಟಿಯ ನಮ್ಮ ಹಸಿರು ಗಿಣಿಯನ್ನು ಮನೆಯಲ್ಲಿ ಸಾಕುವಂತಿಲ್ಲ, ಮಾರುವಂತೆಯೂ ಇಲ್ಲ, ಕೊಳ್ಳುವಂತೆಯೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮ ನಾಡಿನ ಕಾಡುಹಕ್ಕಿಗಳ ವ್ಯಾಪಾರ 1991ರಿಂದ ನಿಷಿದ್ಧ. 2022ರ ತಿದ್ದುಪಡಿಯ ನಂತರ ಈ ಗಿಣಿ ಎರಡನೇ ಅನುಸೂಚಿಯಲ್ಲಿದೆ. ದೇವಸ್ಥಾನದ ಪಕ್ಕ ಗಿಣಿಶಾಸ್ತ್ರ ಹೇಳುವವರ ಪೆಟ್ಟಿಗೆಯೊಳಗಿನ ಗಿಣಿಗೂ ಇದೇ ಕಾನೂನು. ಚಳಿಗಾಲದ ಕೊನೆಗೆ ಮರದ ಪೊಟರೆಗಳಲ್ಲಿ ಮರಿಯಾಗುತ್ತವೆ. ಗರಿ ಬಲಿಯುವ ಮೊದಲೇ ಅವನ್ನು ಕಿತ್ತು ತರುತ್ತಾರೆ. ಅವುಗಳಲ್ಲಿ ಎಷ್ಟೋ ದಾರಿಯಲ್ಲೇ ಸಾಯುತ್ತವೆ. ಯಾರಾದರೂ ಕಿವಿಯ ಹತ್ತಿರ ಬಂದು ‘ಮೇಡಂ, ಗಿಣಿ ಮರಿ ಇದೆ, ಮಾತಾಡುತ್ತೆ’ ಎಂದರೆ ಕೊಳ್ಳಬೇಡಿ. ಕೊಂಡರೆ ಮುಂದಿನ ವರ್ಷ ಇನ್ನೊಂದು ಪೊಟರೆ ಬರಿದಾಗುತ್ತದೆ.

ವಿದೇಶಿ ಜಾತಿಗಳನ್ನು ಸಾಕಬಹುದು, ಆದರೆ ಅದಕ್ಕೂ ನಿಯಮವಿದೆ. ಸನ್ ಕನ್ಯೂರ್, ಆಫ್ರಿಕನ್ ಗ್ರೇ, ಮಕಾವ್‌ಗಳಂಥ, ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಹಕ್ಕಿಗಳನ್ನು 2024ರ ಫೆಬ್ರವರಿಯಲ್ಲಿ ಬಂದ ನಿಯಮದಂತೆ ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಬಜ್ಜಿ, ಕಾಕಟೀಲ್‌ಗಳು ಆ ಪಟ್ಟಿಯಲ್ಲಿಲ್ಲ. ಮೊದಲ ಸಲ ಹಕ್ಕಿ ಸಾಕುವವರಿಗೆ ನಾನು ಹೇಳುವುದೂ ಇವೆರಡನ್ನೇ.

ಇನ್ನೊಂದು ಮಾತು. ಗರಿಯೂ ಸರಿಯಾಗಿ ಮೂಡದ ಮರಿಯನ್ನು ತೋರಿಸಿ ‘ನೀವೇ ಸಿರಿಂಜಲ್ಲಿ ತಿನ್ನಿಸಿದರೆ ನಿಮ್ಮನ್ನೇ ತಾಯಿ ಅಂದುಕೊಳ್ಳುತ್ತೆ’ ಎಂದು ಮಾರುವವರಿದ್ದಾರೆ. ಹಿಟ್ಟಿನ ಗಂಜಿ ಸ್ವಲ್ಪ ಬಿಸಿ ಹೆಚ್ಚಾದರೆ ಮರಿಯ ಗಂಟಲ ಚೀಲ ಸುಡುತ್ತದೆ, ಸ್ವಲ್ಪ ತಪ್ಪಿ ಇಳಿದರೆ ಶ್ವಾಸಕ್ಕೆ ಹೋಗುತ್ತದೆ. ತಾನಾಗಿ ಕಾಳು ಒಡೆದು ತಿನ್ನಲು ಕಲಿತ ಹಕ್ಕಿಯನ್ನೇ ತನ್ನಿ. ಸ್ನೇಹ ಬೆಳೆಯುವುದಕ್ಕೆ ಸಿರಿಂಜ್ ಬೇಕಿಲ್ಲ.

ಈಗ ಪಂಜರ ಎಲ್ಲಿಡಬೇಕು ಎಂಬುದು. ಹೊಸ ಹಕ್ಕಿಯ ನಡವಳಿಕೆಯಲ್ಲಿ ‘ಸ್ವಭಾವ’ ಎಂದು ನಾವು ಹೆಸರಿಡುವ ಎಷ್ಟೋ ಸಂಗತಿಗಳು ನಿಜವಾಗಿ ಜಾಗದ ತಾಪತ್ರಯ. ಶಿವಾಜಿನಗರ, ಫ್ರೇಜರ್ ಟೌನ್ ಕಡೆ ತಲೆಯೆತ್ತಿ ನೋಡಿ. ಮಾಂಸದಂಗಡಿಗಳಿರುವಲ್ಲಿ ಹದ್ದುಗಳು ದಿನವಿಡೀ ಸುತ್ತುತ್ತಿರುತ್ತವೆ. ನಮಗೆ ಅದು ರೂಢಿಯಾಗಿ ಕಣ್ಣಿಗೇ ಬೀಳುವುದಿಲ್ಲ. ಬಾಲ್ಕನಿಯಲ್ಲಿ, ನಾಲ್ಕೂ ಕಡೆ ಬಯಲಾಗಿ ನೇತಾಡುವ ಪಂಜರದೊಳಗಿನ ಪುಟ್ಟ ಹಕ್ಕಿಗೆ ಮಾತ್ರ ಪ್ರತಿಯೊಂದು ನೆರಳೂ ಸಾವು. ಓಡಿಹೋಗುವ ದಾರಿಯಿಲ್ಲ, ಅಡಗುವ ಎಲೆಮರೆಯಿಲ್ಲ. ಗಾಳಿ ಬೆಳಕು ಸಿಗಲಿ ಎಂದು ಒಳ್ಳೆಯ ಮನಸ್ಸಿನಿಂದಲೇ ಅಲ್ಲಿ ತೂಗುಹಾಕುತ್ತೇವೆ, ಆಮೇಲೆ ‘ಯಾಕೋ ಸದಾ ಗಾಬರಿಯಲ್ಲಿರುತ್ತೆ’ ಎನ್ನುತ್ತೇವೆ.

ಪಂಜರ ಮನೆಯೊಳಗೆ, ಜನ ಓಡಾಡುವ ಕೋಣೆಯಲ್ಲಿ, ಆದರೆ ಓಡಾಟದ ದಾರಿಯಿಂದ ಒಂದಿಷ್ಟು ಸರಿದು ಇರಲಿ. ಒಂದು ಕಡೆಯಾದರೂ ಗೋಡೆಗೆ ಒರಗಿರಬೇಕು. ಎರಡು ಕಡೆ ಗೋಡೆಯಿರುವ ಮೂಲೆಯಾದರೆ ಇನ್ನೂ ಒಳ್ಳೆಯದು. ಕೂರುವ ಕೋಲು ನಿಮ್ಮ ಎದೆಮಟ್ಟದಲ್ಲಿರಲಿ. ನೆಲದ ಹತ್ತಿರ ಇಟ್ಟರೆ ನಾವೆಲ್ಲ ಮೇಲಿನಿಂದ ಎರಗುವವರಂತೆ ಕಾಣುತ್ತೇವೆ. ಅಂಗಡಿಯಲ್ಲಿ ಕೊಡುವ ಒಂದೇ ದಪ್ಪದ ನುಣುಪು ಕೋಲುಗಳ ಬದಲು ಸೀಬೆಯ ಅಥವಾ ನುಗ್ಗೆಯ ಕೊಂಬೆ ತೊಳೆದು ಹಾಕಿ. ದಪ್ಪ ತೆಳು ಬದಲಾದಷ್ಟೂ ಪಾದಕ್ಕೆ ಹಿತ, ಸಿಪ್ಪೆ ಸುಲಿಯುತ್ತಾ ಕೂರುವುದೂ ಒಂದು ಕೆಲಸ. ಹಾಲ್‌ನಲ್ಲಿ ರಾತ್ರಿ ಹನ್ನೊಂದರವರೆಗೆ ಟಿವಿ ಹಾಕುವ ಮನೆಯಾದರೆ ಮಲಗುವುದಕ್ಕೆ ಬೇರೆ ಜಾಗ ಬೇಕು. ಈ ಹಕ್ಕಿಗಳಿಗೆ 10ರಿಂದ 12 ಗಂಟೆ ನಿದ್ದೆ ಬೇಕು. ನಿದ್ದೆಗೆಟ್ಟ ಹಕ್ಕಿ ಹಗಲಿಡೀ ಸಿಡುಕುತ್ತದೆ.

ಅಡುಗೆಮನೆ ಮತ್ತು ಅದಕ್ಕೆ ಅಂಟಿದ ಯುಟಿಲಿಟಿ ಎರಡೂ ಬೇಡವೇ ಬೇಡ. ನಾನ್‌ಸ್ಟಿಕ್ ತವಾ ಮಿತಿಮೀರಿ ಕಾದಾಗ ಏಳುವ ಆವಿ ನಮ್ಮ ಮೂಗಿಗೆ ತಿಳಿಯದಿದ್ದರೂ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು. ಹಕ್ಕಿಯ ಉಸಿರಾಟದ ವ್ಯವಸ್ಥೆ ಹಾರಾಟಕ್ಕೆಂದು ರೂಪುಗೊಂಡದ್ದು. ಗಾಳಿಯಲ್ಲಿ ಏನಿದ್ದರೂ ನಮಗಿಂತ ಬೇಗ, ನಮಗಿಂತ ಪೂರ್ತಿಯಾಗಿ ಒಳಗೆಳೆದುಕೊಳ್ಳುತ್ತದೆ. ಸೊಳ್ಳೆಬತ್ತಿ, ಸಾಂಬ್ರಾಣಿ ಹೊಗೆ, ಕೋಣೆಗೆ ಹೊಡೆಯುವ ಸುಗಂಧದ ಸ್ಪ್ರೇ ಎಲ್ಲವನ್ನೂ ಆ ಕೋಣೆಯಿಂದ ದೂರವಿಡಿ.

ಕೆ.ಆರ್. ಪುರದ ಟಿನ್ ಫ್ಯಾಕ್ಟರಿ ಹತ್ತಿರದ ಒಂದು ಮನೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಬೂದು ಮೈ, ಕೆನ್ನೆಗೆ ಕಿತ್ತಳೆ ಬೊಟ್ಟಿನ ಕಾಕಟೀಲ್ ಬಂದು ಕೆಲವು ದಿನವಾಗಿತ್ತು. ಮನೆಯ ಯಜಮಾನರು ಬೆಳಗ್ಗೆ ಸಂಜೆ ತಪ್ಪದೆ ಪಂಜರದೊಳಗೆ ಕೈ ಹಾಕಿ ‘ಅಭ್ಯಾಸ ಮಾಡಿಸುತ್ತಿದ್ದರು’. ಕೈ ಬಾಗಿಲು ದಾಟುತ್ತಿದ್ದಂತೆ ಹಕ್ಕಿಯ ಜುಟ್ಟು ಕಡ್ಡಿಯಂತೆ ನೆಟ್ಟಗಾಗುತ್ತಿತ್ತು. ಇನ್ನೊಂದು ಗೇಣು ಮುಂದೆ ಹೋದರೆ ಅದೇ ಜುಟ್ಟು ತಲೆಗೆ ಅಂಟಿಕೊಂಡಂತೆ ಹಿಂದಕ್ಕೆ ಮಲಗಿ, ಬಾಯಿ ತೆರೆದು ಬುಸ್ಸೆನ್ನುತ್ತಿತ್ತು. ಆಮೇಲೇ ಕಚ್ಚುತ್ತಿದ್ದುದು. ಮೂರನೇ ತರಗತಿಯ ಮಗಳು ಸೋಫಾದ ಮೇಲೆ ಮುಖ ಸಣ್ಣದು ಮಾಡಿ ಕೂತಿದ್ದಳು.

ಆ ಮನೆಯಲ್ಲಿ ಹಕ್ಕಿ ಹೆದರದ ಒಬ್ಬರೇ ಒಬ್ಬರು ಇದ್ದರು. ಪಂಜರದ ಬಳಿ ಗೋಡೆಗೊರಗಿ ಕೂತು ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ. ಅವರು ಅತ್ತ ತಿರುಗಿಯೂ ನೋಡುತ್ತಿರಲಿಲ್ಲ. ಕಾಳು ಪಾತ್ರೆಗೆ ಬೀಳುವ ಟಪ್ ಟಪ್ ಸದ್ದಿಗೆ ಹಕ್ಕಿ ತಲೆ ಓರೆ ಮಾಡಿ ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಒಂದು ಕಾಲು ಮೇಲೆಳೆದುಕೊಂಡಿತು, ಗರಿ ಸಡಿಲಿಸಿತು, ಮೈ ನೀವಿಕೊಳ್ಳಲು ಶುರು ಮಾಡಿತು. ಹೆದರಿದ ಹಕ್ಕಿ ಹೀಗೆ ನಿರಾಳವಾಗಿ ಗರಿ ನೀವಿಕೊಳ್ಳುವುದಿಲ್ಲ. ‘ಅಜ್ಜಿ, ನಿಮ್ಮನ್ನ ಕಂಡ್ರೆ ಅದಕ್ಕೆ ಭಯವೇ ಇಲ್ವಲ್ಲ?’ ಎಂದೆ. ‘ನಾನು ಅದರ ತಂಟೆಗೇ ಹೋಗಲ್ಲ ಕಣಮ್ಮ’ ಎಂದರು.

ಹೊಸ ಹಕ್ಕಿಯ ಬಗ್ಗೆ ನಾನು ಬರೆಯಬಹುದಾದ ಅರ್ಧ ಭಾಗ ಆ ಒಂದು ಮಾತಿನಲ್ಲಿದೆ. ಎರಡು ಕಣ್ಣೂ ಮುಂದಕ್ಕೆ ನೆಟ್ಟು ದಿಟ್ಟಿಸುವುದು ಬೇಟೆಗಾರ ಪ್ರಾಣಿಯ ನೋಟ. ತಲೆಯ ಮೇಲಿನಿಂದ ಇಳಿಯುವ ಕೈ ಹದ್ದಿನ ದಾರಿ. ಪಕ್ಕಕ್ಕೆ ತಿರುಗಿ, ತನ್ನ ಪಾಡಿಗೆ ತಾನು ಏನೋ ಮಾಡುತ್ತಾ, ಮೆಲ್ಲಗೆ ಮಾತಾಡುತ್ತಾ ಕೂತ ಮನುಷ್ಯ ಅಪಾಯವಿಲ್ಲದವನು. ಮೊದಲ ವಾರ ಪಂಜರದೊಳಗೆ ಕೈ ಹೋಗಬೇಕಾದ್ದು ನೀರು, ಕಾಳು ಬದಲಿಸುವುದಕ್ಕೆ ಮಾತ್ರ, ಅದೂ ಅವಸರವಿಲ್ಲದೆ, ‘ನೀರು ಹಾಕ್ತೀನಿ’ ಎಂದು ಪ್ರತಿಸಲ ಅದೇ ಮಾತು ಹೇಳಿ. ಮುಂದೆ ಏನಾಗುತ್ತದೆ ಎಂದು ಮೊದಲೇ ಗೊತ್ತಾದರೆ ಹಕ್ಕಿಯ ಅರ್ಧ ಭಯ ಇಳಿಯುತ್ತದೆ. ಆ ಹುಡುಗಿಗೆ ದಿನಾ ಸಂಜೆ ಪಂಜರದ ಪಕ್ಕ ಕೂತು ಕನ್ನಡ ಪಾಠ ಗಟ್ಟಿಯಾಗಿ ಓದಲು ಹೇಳಿದೆ, ಅಪ್ಪನಿಗೆ ಕೈ ಹಾಕುವುದನ್ನು ನಿಲ್ಲಿಸಲು.

ಎರಡನೇ ಹಂತಕ್ಕೆ ನಮ್ಮಲ್ಲೇ ಒಳ್ಳೆಯ ಸಾಧನವಿದೆ, ನವಣೆ ತೆನೆ. ಸಾಕುಪ್ರಾಣಿ ಅಂಗಡಿಗಳಲ್ಲಿ ‘ಮಿಲೆಟ್ ಸ್ಪ್ರೇ’ ಎಂದು ಪ್ಯಾಕೆಟ್ ಕಟ್ಟಿ ದುಬಾರಿಗೆ ಮಾರುವುದು ಅದನ್ನೇ. ಸಿರಿಧಾನ್ಯ ಬೆಳೆಯುವವರು ಗೊತ್ತಿದ್ದರೆ ಒಂದು ಕಟ್ಟು ತರಿಸಿಕೊಳ್ಳಿ. ತೆನೆಯನ್ನು ದಿನವಿಡೀ ಪಂಜರಕ್ಕೆ ಹಾಕಬೇಡಿ; ಅದು ನಿಮ್ಮ ಕೈಯಿಂದ ಮಾತ್ರ ಸಿಗುವ ವಸ್ತುವಾಗಿರಲಿ. ಮೊದಲು ಸರಳುಗಳ ಹೊರಗಿನಿಂದ ಉದ್ದ ತೆನೆ ಚಾಚಿ ಹಿಡಿದು ಕಾಯಿರಿ. ಹಕ್ಕಿ ಬಂದು ಕೊಕ್ಕು ಹಾಕಿದರೆ ಸರಿ, ಬರದಿದ್ದರೆ ನೀವು ಹಿಂದೆ ಸರಿಯಿರಿ, ತೆನೆಯನ್ನು ಅದರ ಮೂತಿಗೆ ತುರುಕಬೇಡಿ. ಹತ್ತಿರ ಬರುವ ಹೆಜ್ಜೆ ಯಾವಾಗಲೂ ಹಕ್ಕಿಯದಾಗಿರಬೇಕು. ದಿನ ಕಳೆದಂತೆ ತೆನೆ ಗಿಡ್ಡವಾಗಲಿ, ಆಮೇಲೆ ತೆರೆದ ಬಾಗಿಲ ಬಳಿ, ಆಮೇಲೆ ಅಂಗೈಯ ಮೇಲೆ. ಕೈಯನ್ನು ಕಂಡಾಗ ಅದು ಹಿಂದೆ ಸರಿಯದೆ ಮುಂದೆ ವಾಲುವ ದಿನ ಬಂದಾಗ, ತೋರುಬೆರಳನ್ನು ಕಾಲಿಗಿಂತ ತುಸು ಮೇಲೆ, ಹೊಟ್ಟೆಯ ಕೆಳಭಾಗಕ್ಕೆ ಮೆಲ್ಲಗೆ ತಾಗಿಸಿ ‘ಹತ್ತು’ ಎನ್ನಿ. ಹತ್ತಿದ ಕೂಡಲೇ ತೆನೆ, ಮತ್ತೆ ಕೋಲಿಗೆ. ಒಂದು ಸಲಕ್ಕೆ ಐದು ನಿಮಿಷ ಸಾಕು. ಅದಕ್ಕೆ ಬೇಸರ ಬರುವ ಮೊದಲೇ ನೀವು ನಿಲ್ಲಿಸಬೇಕು. ಎಳೆಯ ಬಜ್ಜಿ ಕೆಲವೇ ವಾರದಲ್ಲಿ ಬೆರಳು ಹತ್ತೀತು. ದೊಡ್ಡ ಗುಂಪಿನ ಪಂಜರದಲ್ಲಿ ಬೆಳೆದು ಬಲೆಯಲ್ಲಿ ಹಿಡಿಸಿಕೊಂಡು ಬಂದ ಹಕ್ಕಿಗೆ ತಿಂಗಳುಗಟ್ಟಲೆ ಬೇಕಾಗಬಹುದು. ಟವೆಲ್ ಹಾಕಿ ಹಿಡಿದು ‘ಒಂದೇ ದಿನದಲ್ಲಿ ಪಳಗಿಸುವ’ ವಿಡಿಯೊಗಳಲ್ಲಿ ನೀವು ನೋಡುವುದು ಮತ್ತದೇ ಮರಗಟ್ಟುವಿಕೆ.

ಕಚ್ಚುವುದರ ಬಗ್ಗೆ. ಗಿಣಿ ಜಾತಿಗೆ ಕೊಕ್ಕು ಮೂರನೇ ಕೈ. ನಿಮ್ಮ ಬೆರಳಿಗೆ ಹತ್ತುವ ಮೊದಲು ಅದು ಕೊಕ್ಕು ಚಾಚಿ ಬೆರಳನ್ನು ಹಿಡಿದು ನೋಡುತ್ತದೆ, ಈ ಕೊಂಬೆ ಗಟ್ಟಿಯಿದೆಯೇ ಎಂದು. ಹೆಚ್ಚಿನವರು ಇಲ್ಲೇ ಬೆಚ್ಚಿ ಕೈ ಎಳೆದುಕೊಳ್ಳುತ್ತಾರೆ. ಕೊಂಬೆ ಮುರಿದಂತಾಯಿತು, ಮುಂದಿನ ಸಲ ಹಕ್ಕಿ ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ. ನಿಜವಾದ ಕಡಿತಕ್ಕೆ ಮುಂಚೆ ಸೂಚನೆಗಳು ಇದ್ದೇ ಇರುತ್ತವೆ: ಕಣ್ಣಿನ ಪಾಪೆ ಸರಸರನೆ ಹಿಗ್ಗಿ ಕುಗ್ಗುವುದು, ಬಾಲದ ಗರಿ ಬೀಸಣಿಗೆಯಾಗುವುದು, ಕತ್ತಿನ ಹಿಂಭಾಗದ ಗರಿ ನಿಗುರುವುದು, ಮೈ ಹಿಂದಕ್ಕೆ ವಾಲುವುದು. ಆಗಲೇ ಕೈ ನಿಲ್ಲಿಸಿದರೆ ಹಕ್ಕಿಗೆ ಕಚ್ಚುವ ಅಗತ್ಯ ಬೀಳುವುದಿಲ್ಲ. ಕಚ್ಚಿಬಿಟ್ಟರೆ ಕೂಗಬೇಡಿ, ಕೊಕ್ಕಿಗೆ ಚಿಟಿಕೆ ಹೊಡೆಯಬೇಡಿ, ಮುಖಕ್ಕೆ ಊದಬೇಡಿ. ಮೆಲ್ಲಗೆ ಹತ್ತಿರದ ಕೋಲಿಗೋ ಮೇಜಿಗೋ ಇಳಿಸಿ ಸುಮ್ಮನಾಗಿ. ಕನ್ಯೂರ್‌ನಂಥ ಚುರುಕು ಹಕ್ಕಿಗೆ ನಮ್ಮ ಅರಚಾಟ ದೊಡ್ಡ ಮೋಜು, ಮತ್ತೆ ಮತ್ತೆ ಕೇಳಬಯಸುತ್ತದೆ.

ಕಿರುಚಾಟದ ದೂರು ಅಪಾರ್ಟ್‌ಮೆಂಟಿನವರಿಗೆ ಇನ್ನೂ ದೊಡ್ಡದು, ಪಕ್ಕದ ಮನೆಯವರೂ ಸೇರಿಕೊಳ್ಳುತ್ತಾರೆ. ಸಂಜೆ ಹಲಸೂರು ಕೆರೆಯ ಕಡೆ ನಿಂತರೆ ಹಸಿರು ಗಿಣಿಗಳು ಗುಂಪು ಗುಂಪಾಗಿ ಕೀಂಕೀಂ ಎನ್ನುತ್ತಾ ಹಾದುಹೋಗುವುದು ಕೇಳುತ್ತದೆ. ಬೆಳಗ್ಗೆ ಚದುರುವ ಮುನ್ನ, ಸಂಜೆ ಮರ ಸೇರುವ ಮುನ್ನ ಹಿಂಡಿನ ಹಾಜರಿ ಕೂಗು ಅದು. ನಿಮ್ಮ ಮನೆಯ ಹಕ್ಕಿ ಹುಟ್ಟಿದ್ದು ಯಾವ ಪಂಜರದಲ್ಲೇ ಆಗಿರಲಿ, ಅದೇ ಹೊತ್ತಿಗೆ ಅದರ ಕೊರಳೂ ಏಳುತ್ತದೆ. ಹತ್ತು ಹದಿನೈದು ನಿಮಿಷದ ಈ ಕೂಗನ್ನು ನಿಲ್ಲಿಸಲಾಗದು, ನಿಲ್ಲಿಸಲೂಬಾರದು. ಕಿಟಕಿ ಮುಚ್ಚಿ, ಪಕ್ಕದವರಿಗೆ ಮೊದಲೇ ಒಂದು ಮಾತು ಹೇಳಿಟ್ಟಿರಿ.

ಇನ್ನೊಂದು ಬಗೆಯದು, ನೀವು ಕೋಣೆಯಿಂದ ಹೊರಟ ಕೂಡಲೇ ಶುರುವಾಗುವ ಕೂಗು. ‘ಎಲ್ಲಿದ್ದೀಯ?’ ಎಂಬ ಪ್ರಶ್ನೆ. ವೆನೆಜುವೆಲಾದ ಪುಟ್ಟ ಹಸಿರು ಗಿಣಿಗಳ ಗೂಡುಗಳನ್ನು ಅಭ್ಯಾಸ ಮಾಡಿ 2011ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಒಂದು ಅಚ್ಚರಿಯ ಸಂಗತಿ ತಿಳಿಸಿತು: ಅಲ್ಲಿ ತಂದೆತಾಯಿ ತಮ್ಮ ಮರಿಗಳಿಗೆ ಬೇರೆ ಬೇರೆ ಕೂಗುಗಳನ್ನು, ಅಂದರೆ ಹೆಸರುಗಳನ್ನೇ, ಕಲಿಸುತ್ತವೆ. ಕೂಗಿ ಕರೆಯುವುದು, ಕರೆದವರಿಗೆ ಓಗೊಡುವುದು ಈ ಕುಲದಲ್ಲಿ ಅಷ್ಟು ಆಳವಾಗಿದೆ. ಹಾಗಾಗಿ ಓಗೊಡಿ. ಅಡುಗೆಮನೆಯಿಂದಲೇ ಒಂದು ಸಣ್ಣ ಸಿಳ್ಳೆ, ಪ್ರತಿಸಲ ಅದೇ ಸಿಳ್ಳೆ. ಹಕ್ಕಿ ಅದನ್ನು ಕಲಿತು ಕಿರುಚುವ ಬದಲು ಸಿಳ್ಳೆ ಹಾಕತೊಡಗಿದರೆ ಕೂಡಲೇ ಉತ್ತರಿಸಿ. ಅರಚಿದಾಗ ಓಡಿಬಂದು ‘ಸುಮ್ನಿರು’ ಎಂದು ಗದರುವವರು ಅರಚಿದರೆ ಜನ ಬರುತ್ತಾರೆ ಎಂದೇ ಕಲಿಸುತ್ತಿರುತ್ತಾರೆ. ಶಿಕ್ಷೆಗೆಂದು ಹಗಲಲ್ಲೇ ಪಂಜರಕ್ಕೆ ಬಟ್ಟೆ ಮುಚ್ಚುವುದು ನನ್ನ ದೃಷ್ಟಿಯಲ್ಲಿ ಕ್ರೌರ್ಯ.

ಓಗೊಡುವ ಅಭ್ಯಾಸ ಮುಂದೆ ಜೀವ ಉಳಿಸಲೂಬಹುದು. 2022ರ ಜುಲೈನಲ್ಲಿ ತುಮಕೂರಿನ ಒಂದು ಕುಟುಂಬದ ಆಫ್ರಿಕನ್ ಗ್ರೇ ಗಿಣಿ ‘ರುಸ್ತುಮ’ ಹಾರಿಹೋದದ್ದು ನೆನಪಿರಬಹುದು. ಮನೆಯವರು ಊರೆಲ್ಲ ಪೋಸ್ಟರ್ ಹಚ್ಚಿದರು, 50,000 ರೂಪಾಯಿ ಬಹುಮಾನ ಎಂದರು. ಹಕ್ಕಿ ಸಿಕ್ಕಾಗ ಸಂತೋಷದಿಂದ 85,000 ಕೊಟ್ಟರು. ರುಸ್ತುಮ ದೂರವೇನೂ ಹೋಗಿರಲಿಲ್ಲ. ಕಳೆದುಹೋದ ಸಾಕು ಹಕ್ಕಿಗಳು ಬಹಳ ಸಲ ಹತ್ತಿರದ ಮರದಲ್ಲೇ ದಿಕ್ಕು ತೋಚದೆ ಕೂತಿರುತ್ತವೆ. ಅದು ಬಲ್ಲ ಸಿಳ್ಳೆ ಹಾಕುತ್ತಾ, ಅದರ ಪಂಜರವನ್ನು ಕಾಣುವಂತೆ ತಾರಸಿಯಲ್ಲಿಟ್ಟು, ಬೆಳಗ್ಗೆ ಮತ್ತು ಸಂಜೆ ಹುಡುಕಬೇಕು. ಮನೆಯೊಳಗೆ ಮೊದಲ ಸಲ ಹೊರಗೆ ಬಿಡುವ ದಿನ ಕಿಟಕಿ ಬಾಗಿಲು ಭದ್ರವಾಗಿರಲಿ, ಗಾಜಿಗೆ ಪರದೆ ಎಳೆದಿರಲಿ, ಫ್ಯಾನಿನ ಸ್ವಿಚ್ಚಿಗೆ ಟೇಪ್ ಅಂಟಿಸಿರಲಿ. ನಮ್ಮ ಮನೆಗಳಲ್ಲಿ ಸೀಲಿಂಗ್ ಫ್ಯಾನಿಗೆ ಬಲಿಯಾದ ಹಕ್ಕಿಗಳಿಗೆ ಲೆಕ್ಕವಿಲ್ಲ.

ಮುದ್ದಿನ ವಿಷಯಕ್ಕೆ ಬಂದರೆ, ಹಕ್ಕಿ ತಲೆ ತಗ್ಗಿಸಿ ಕತ್ತು ಮುಂದೆ ಮಾಡಿದಾಗ ತಲೆ, ಕೆನ್ನೆ, ಕತ್ತು ಇಷ್ಟನ್ನೇ ಕೆರೆಯಿರಿ. ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಶುಕವನ 468 ಜಾತಿಯ ಹಕ್ಕಿಗಳಿಗಾಗಿ 2017ರಲ್ಲಿ ಗಿನ್ನೆಸ್ ದಾಖಲೆ ಮಾಡಿದ ಜಾಗ. ಅಲ್ಲಿ ಸ್ವಲ್ಪ ಹೊತ್ತು ನಿಂತು ಜೋಡಿಗಳನ್ನು ಗಮನಿಸಿ. ಗೆಳೆಯರು ಒಬ್ಬರಿಗೊಬ್ಬರು ತಲೆ, ಕತ್ತನ್ನೇ ನೀವಿಕೊಳ್ಳುತ್ತಾರೆ. ಬೆನ್ನು, ರೆಕ್ಕೆಯಡಿ, ಬಾಲದ ಬುಡ ಸವರುವುದು ಅವುಗಳ ಲೋಕದಲ್ಲಿ ದಾಂಪತ್ಯದ ಸ್ಪರ್ಶ. ಪ್ರಾಯಕ್ಕೆ ಬಂದ ಹಕ್ಕಿಗೆ ಹೀಗೆ ಮಾಡಿದರೆ, ಅಥವಾ ಸೋಫಾ ಸಂದಿ, ಬೀರುವಿನ ಮೂಲೆಯಂಥ ಕತ್ತಲು ಜಾಗಗಳಿಗೆ ನುಸುಳಲು ಬಿಟ್ಟರೆ, ಅದು ಗೂಡು ಕಟ್ಟುವ ಮನಸ್ಥಿತಿಗೆ ಹೋಗಿ ಒಬ್ಬರನ್ನೇ ಅಂಟಿಕೊಂಡು ಉಳಿದವರನ್ನೆಲ್ಲ ಅಟ್ಟಿಸಿಕೊಂಡು ಹೋಗುತ್ತದೆ. ‘ಇದ್ದಕ್ಕಿದ್ದಂತೆ ಕೆಟ್ಟುಹೋಯಿತು’ ಎನ್ನುವ ಹಕ್ಕಿಗಳಲ್ಲಿ ಎಷ್ಟೋ ಇಂಥವು.

ರಾತ್ರಿ ಕಾಕಟೀಲ್ ಹಠಾತ್ತನೆ ರೆಕ್ಕೆ ಬಡಿದು ಪಂಜರವೆಲ್ಲ ಅಪ್ಪಳಿಸಿದರೆ ದೆವ್ವ ಭೂತ ಏನಲ್ಲ. ಕತ್ತಲಲ್ಲಿ ಯಾವುದೋ ಸದ್ದಿಗೆ ಬೆಚ್ಚಿದ್ದು. ಒಂದು ಜೀರೊ ಬಲ್ಬ್ ಉರಿಸಿಟ್ಟರೆ ಕೋಲು ಕಾಣಿಸಿ ಸುಧಾರಿಸಿಕೊಳ್ಳುತ್ತದೆ. ದೀಪಾವಳಿಯ ಮೂರು ದಿನ ಒಳಕೋಣೆಯೇ ಲೇಸು. ಮಲಗುವ ಮುನ್ನ ಕರಕರ ಎಂದು ಕೊಕ್ಕು ಮಸೆಯುವ ಸದ್ದು ಕೇಳಿದರೆ ಖುಷಿಪಡಿ. ನೆಮ್ಮದಿಯಲ್ಲಿರುವ ಹಕ್ಕಿಯಷ್ಟೇ ಹಾಗೆ ಮಾಡುತ್ತದೆ.

‘ಯಾವಾಗ ಮಾತಾಡುತ್ತೆ?’ ಎನ್ನುವವರಿಗೆ: ಕಾಕಟೀಲ್ ಹೆಚ್ಚಾಗಿ ಸಿಳ್ಳೆಯ ಹಕ್ಕಿ, ಸನ್ ಕನ್ಯೂರ್ ಒಂದೆರಡು ಮಾತು ಕಲಿತರೆ ಹೆಚ್ಚು, ಬಜ್ಜಿಯ ಗಂಡು ಚೆನ್ನಾಗಿ ಕಲಿಯುತ್ತದೆ. ಹಸಿಮೆಣಸಿನಕಾಯಿ ತಿಂದರೆ ನಾಲಿಗೆ ಹೊರಳುತ್ತದೆ ಎಂಬುದು ಬರಿಯ ನಂಬಿಕೆ. ಮೆಣಸಿನ ಖಾರ ಹಕ್ಕಿಗಳಿಗೆ ತಿಳಿಯುವುದೇ ಇಲ್ಲ. ಅಮೆರಿಕದ ಐರೀನ್ ಪೆಪ್ಪರ್‌ಬರ್ಗ್ 1977ರಲ್ಲಿ ಸಾಕುಪ್ರಾಣಿ ಅಂಗಡಿಯಿಂದ ತಂದ ಅಲೆಕ್ಸ್ ಎಂಬ ಆಫ್ರಿಕನ್ ಗ್ರೇ 2007ರಲ್ಲಿ ಸಾಯುವ ಹೊತ್ತಿಗೆ ಬಣ್ಣ, ಆಕಾರ ಗುರುತಿಸಿ ಹೇಳುತ್ತಿತ್ತು, ಆರರವರೆಗೆ ಎಣಿಸುತ್ತಿತ್ತು. ಅವರು ಕಲಿಸಿದ ಬಗೆ ಸರಳ: ಇಬ್ಬರು ಮನುಷ್ಯರು ಹಕ್ಕಿಯ ಮುಂದೆ ಮಾತಾಡಿಕೊಳ್ಳುವುದು. ‘ಇದೇನು?’ ‘ಸೀಬೆ.’ ಸರಿಯಾಗಿ ಹೇಳಿದವರಿಗೆ ಸೀಬೆ ಸಿಗುತ್ತದೆ. ನೋಡುತ್ತಿರುವ ಹಕ್ಕಿಗೆ ತಾನೂ ಆಟಕ್ಕೆ ಸೇರುವ ಆಸೆಯಾಗುತ್ತದೆ. ಮೊಬೈಲಿನಲ್ಲಿ ಗಂಟೆಗಟ್ಟಲೆ ‘ಮಿಠೂ ಮಿಠೂ’ ಹಾಕಿಡುವುದಕ್ಕಿಂತ ಇದು ಎಷ್ಟೋ ಮೇಲು.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದದ್ದು. ಈ ಹಕ್ಕಿಗಳು ಕಾಯಿಲೆಯನ್ನು ಮುಚ್ಚಿಡುತ್ತವೆ. ಹಿಂಡಿನಲ್ಲಿ ಸೊರಗಿದವನ ಮೇಲೇ ಗಿಡುಗನ ಕಣ್ಣು ಬೀಳುವುದರಿಂದ, ನಿಲ್ಲಲಾಗದ ತನಕ ನಿಂತೇ ಇರುತ್ತವೆ. ಹಾಗಾಗಿ ಹಗಲಲ್ಲೂ ಗರಿ ಉಬ್ಬಿಸಿ ಮುದುಡಿ ಕೂರುವುದು, ಪಂಜರದ ತಳಕ್ಕಿಳಿಯುವುದು, ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ ಆಡುವುದು, ಹಿಕ್ಕೆಯ ಬಣ್ಣ ಬದಲಾಗುವುದು ಕಂಡರೆ ಅದನ್ನು ‘ಮುನಿಸು’ ಎನ್ನಬೇಡಿ. ಬೆಚ್ಚಗಿಟ್ಟು ಅದೇ ದಿನ ಹಕ್ಕಿ ನೋಡುವ ವೈದ್ಯರ ಬಳಿ ಹೋಗಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಈ ಭಾಗದವರಿಗೆ ದೂರವಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆದಿಡಿ. ಬಜ್ಜಿ ತೂಗುವುದೇ 30–40 ಗ್ರಾಂ, ಮೂರು ನಾಲ್ಕು ಗ್ರಾಂ ಇಳಿದರೂ ಅದು ಹತ್ತರಲ್ಲಿ ಒಂದು ಪಾಲು. ಬರೀ ಸೂರ್ಯಕಾಂತಿ ಬೀಜ, ನವಣೆ ತಿಂದ ಹಕ್ಕಿಗೆ ಎ ಜೀವಸತ್ವ ಸಾಲುವುದಿಲ್ಲ. ನುಗ್ಗೆಸೊಪ್ಪು, ಕ್ಯಾರೆಟ್, ಸಿಹಿಗುಂಬಳ ರೂಢಿ ಮಾಡಿಸಿ. ಬೆಂಗಳೂರಿನವರು ಪ್ರೀತಿಯಿಂದ ತಿನ್ನುವ ಬಟರ್ ಫ್ರೂಟ್ ಮಾತ್ರ ಹಕ್ಕಿಗೆ ವಿಷ, ಒಂದು ಚೂರೂ ಕೊಡಬೇಡಿ. ಚಾಕೊಲೇಟ್, ಕಾಫಿಯೂ ಹಾಗೆಯೇ. ಮನೆಯಲ್ಲಿ ಮೊದಲೇ ಹಕ್ಕಿಯಿದ್ದರೆ ಹೊಸತನ್ನು ಒಂದು ತಿಂಗಳಾದರೂ ಬೇರೆ ಕೋಣೆಯಲ್ಲಿಡಿ. ಗಿಣಿ ಜಾತಿಯ ಹಕ್ಕಿಗಳಿಂದ ಮನುಷ್ಯರಿಗೂ ಹರಡುವ ಸಿಟ್ಟಕೋಸಿಸ್ ಎಂಬ ಸೋಂಕಿದೆ. ಮನೆಯಲ್ಲಿ ಯಾರಿಗಾದರೂ ಬಿಡದ ಜ್ವರ, ಕೆಮ್ಮು ಬಂದರೆ ಡಾಕ್ಟರಿಗೆ ಹಕ್ಕಿ ಸಾಕಿರುವುದನ್ನು ಹೇಳಿ.

ಎಲ್ಲ ಮಾಡಿಯೂ ನಮ್ಮಿಂದ ಆಗದು ಅನ್ನಿಸುವ ಮನೆಗಳೂ ಇವೆ. ಅದರಲ್ಲಿ ನಾಚಿಕೆಯಿಲ್ಲ. ಆದರೆ ಪುಣ್ಯ ಬರುತ್ತದೆಂದು ಕಬ್ಬನ್ ಪಾರ್ಕಿಗೋ ಕೆರೆಯ ದಡಕ್ಕೋ ಒಯ್ದು ಹಾರಿಬಿಡಬೇಡಿ. ಪಂಜರದಲ್ಲಿ ಹುಟ್ಟಿದ ಬಜ್ಜಿಗೆ ಇಲ್ಲಿ ಮೇವು ಹುಡುಕಲು ಬರುವುದಿಲ್ಲ, ಕಾಗೆಗಳು ಸಂಜೆಯೊಳಗೆ ಮುಗಿಸುತ್ತವೆ. ದೊಡ್ಡ ಹಕ್ಕಿಮನೆಯಿರುವ, ಅನುಭವವಿರುವ ಸಾಕಣೆದಾರರಿಗೆ ಒಪ್ಪಿಸಿ. ನಿಮ್ಮ ಬಳಿ ಇರುವುದು ನಮ್ಮ ನಾಡಿನ ಹಸಿರು ಗಿಣಿಯಾದರೆ ಅರಣ್ಯ ಇಲಾಖೆಗೋ, ಕೆಂಗೇರಿ–ಉತ್ತರಹಳ್ಳಿ ರಸ್ತೆಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆಗೋ ಮುಟ್ಟಿಸಿ. ಕತ್ತರಿಸಿದ ರೆಕ್ಕೆಯ ಗರಿ ಮತ್ತೆ ಬೆಳೆದು, ಹಾರುವ ಕಸುವು ಬಂದು, ಜೊತೆಯ ಗಿಣಿಗಳ ಗುಂಪು ಸಿಕ್ಕಿದರೆ ಅದು ಮರಕ್ಕೆ ಮರಳಬಲ್ಲದು.